ಚಿಪ್‌ನ ಹಲ್ಲು ಎಣಿಸುವವರು

ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್ ಎಂಬ ಹೆಸರಿನಲ್ಲೇ ಹುಲ್ಲಿನ ವಾಸನೆ ಇದೆ. ಹಳೇ ಮೈಸೂರು ಸೀಮೆಯಲ್ಲಿ ಕಾವಲು ಎಂದರೆ ದನ ಮೇಯಲೆಂದು ಕಾದಿಟ್ಟ ಬಯಲು. ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿ ಎನಿಸಿಕೊಂಡು, ಟಿಪ್ಪುವಿನ ಕಾಲಕ್ಕೆ ಅಮೃತ ಮಹಲ್ ಆದ ದೊಡ್ಡ ದನದ ಇಲಾಖೆ ಇಂಥ ನೂರಾರು ಕಾವಲುಗಳನ್ನು ನಂಬಿ ನಡೆಯುತ್ತಿತ್ತು. ಯಾವ ಎತ್ತು ಯಾವ ಹಿಂಡಿನದು, ಯಾವುದು ಸರ್ಕಾರದ್ದು, ಯಾವುದು ಪಕ್ಕದೂರಿನಿಂದ ತಪ್ಪಿಸಿಕೊಂಡು ಬಂದದ್ದು ಎಂದು ಗೊತ್ತುಮಾಡುವುದೇ ಆಗ ಅರ್ಧ ಆಡಳಿತ.

ಬಿದರೆಹಳ್ಳ ಕಾವಲಿನ 615 ಎಕರೆಯಲ್ಲಿ ಈಗ ನಿಂತಿರುವುದು ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ. 2016ರ ಜನವರಿ 3ರಂದು ಶಂಕುಸ್ಥಾಪನೆ ಆಯಿತು, 2023ರ ಫೆಬ್ರವರಿ 6ರಂದು ಉದ್ಘಾಟನೆ. ಮೊದಲು ತಯಾರಾಗಬೇಕಾದದ್ದು 3 ಟನ್ ವರ್ಗದ, ಒಂದೇ ಎಂಜಿನ್ನಿನ ಲಘು ಹೆಲಿಕಾಪ್ಟರ್ ಎಲ್‌ಯುಎಚ್. ವಯಸ್ಸಾದ ಚೀತಾ, ಚೇತಕ್‌ಗಳ ಜಾಗಕ್ಕೆ ಬರಬೇಕಾದ ಯಂತ್ರ ಅದು. ವರ್ಷಕ್ಕೆ 30ರಿಂದ ಶುರುಮಾಡಿ ಹಂತಹಂತವಾಗಿ 60, 90ಕ್ಕೆ ಏರಿಸುವ ಯೋಜನೆ.

ಕಾರ್ಖಾನೆಯ ಗೋಡೆಯ ಹೊರಗಿನ ಊರುಗಳಲ್ಲಿ ಹಸುವಿನ ಕಿವಿಗೆ ಹಳದಿ ಓಲೆ, ಅದರ ಮೇಲೆ 12 ಅಂಕಿ. ಗೋಡೆಯ ಒಳಗೂ ಅದೇ ರೀತಿ, ಓಲೆ ಮಾತ್ರ ತಗಡಿನದು. ಹೆಲಿಕಾಪ್ಟರಿನಲ್ಲಿ ಬಿಚ್ಚಿ ಜೋಡಿಸುವ ಒಂದೊಂದು ಪೆಟ್ಟಿಗೆಗೂ ಒಂದು ಪಟ್ಟಿ: ಪಾರ್ಟ್ ನಂಬರ್, ಸೀರಿಯಲ್ ನಂಬರ್, ಜೊತೆಗೆ ಇಲ್ಲಿಯವರೆಗೆ ಯಾವ ಯಾವ ಮಾರ್ಪಾಡು ಆಗಿದೆ ಎಂಬ ಗುರುತು. ವಿಮಾನದವರ ಬಾಯಲ್ಲಿ ಇದು ‘ಮಾಡ್ ಸ್ಟೇಟಸ್’. ಧ್ರುವ್ ಹೆಲಿಕಾಪ್ಟರನ್ನೇ ನೋಡಿ. ಹೊರಗಿನಿಂದ ನೋಡುವವರಿಗೆ ಎಲ್ಲವೂ ಧ್ರುವ್. ಒಳಗಿಳಿದರೆ ಮಾರ್ಕ್ 1ರಲ್ಲಿ ಫ್ರಾನ್ಸಿನ ಟಿಎಂ333 ಎಂಜಿನ್, ಮಾರ್ಕ್ 3ರಲ್ಲಿ ಶಕ್ತಿ ಎಂಜಿನ್. ಮೊದಲಿನದರಲ್ಲಿ ಸೂಜಿ ತಿರುಗುವ ಗಡಿಯಾರದಂಥ ಮೀಟರುಗಳು, ಆಮೇಲಿನವುಗಳಲ್ಲಿ ಗಾಜಿನ ಪರದೆ. ಮಾರ್ಕ್ ಕೇಳದೆ ಸ್ಪ್ಯಾನರ್ ಎತ್ತುವ ಮೆಕ್ಯಾನಿಕ್ ಎಲ್ಲೂ ಇರಲಾರ.

ಇದೇ ಪ್ರಶ್ನೆಯನ್ನು ದಿನಕ್ಕೆ ಕೋಟಿಗಟ್ಟಲೆ ಸಲ, ಸೆಕೆಂಡಿನ ಸಾವಿರದ ಒಂದು ಪಾಲಿನಲ್ಲಿ ಕೇಳಿ ಮುಗಿಸುವ ಇನ್ನೊಂದು ಜಾತಿಯ ಮೆಕ್ಯಾನಿಕ್ ಇದೆ. ಅದರ ಹೆಸರು ಡ್ರೈವರ್. ಕನ್ನಡದಲ್ಲಿ ಡ್ರೈವರ್ ಎಂದ ಕೂಡಲೇ ಖಾಕಿ ಅಂಗಿ, ಕೆಎಸ್‌ಆರ್‌ಟಿಸಿ ಬಸ್ಸು ಕಣ್ಣಮುಂದೆ ಬರುತ್ತದೆ. ಹೋಲಿಕೆ ಅಷ್ಟೇನೂ ದೂರದ್ದಲ್ಲ. ಡಿಪೋದಲ್ಲಿ ಹೊಸ ಗಾಡಿ ಕೊಟ್ಟರೆ ಆತ ಮೊದಲು ನೋಡುವುದು ಟಾಟಾವೋ ಲೈಲ್ಯಾಂಡೋ, ಹಳೆಯದೋ ಬಿಎಸ್-6ಓ ಎಂದು. ಗೇರು, ಬ್ರೇಕಿನ ಗಾಳಿ, ತಿರುವಿನಲ್ಲಿ ಗಾಡಿ ಎಳೆಯುವ ಬಗೆ ಎಲ್ಲವೂ ಬೇರೆ. ಕಂಪ್ಯೂಟರಿನ ಕರ್ನೆಲ್, ಅಂದರೆ ಯಂತ್ರಕ್ಕೂ ಉಳಿದೆಲ್ಲ ತಂತ್ರಾಂಶಕ್ಕೂ ನಡುವೆ ಕೂತ ತಿರುಳು, ತನ್ನ ಕೈಕೆಳಗಿನ ಒಂದೊಂದು ಚಿಪ್ಪನ್ನು ಓಡಿಸಲು ಇಟ್ಟುಕೊಂಡ ಕೋಡಿನ ತುಂಡೇ ಡ್ರೈವರ್. ಎದುರಿಗೆ ಇರುವುದು ಯಾವ ಮಾದರಿ, ಅದರ ಎಷ್ಟನೆಯ ತಿದ್ದುಪಡಿ ಎಂದು ತಿಳಿಯದೆ ಅದೂ ಗೇರು ಹಾಕುವಂತಿಲ್ಲ.

ಚಿಪ್‌ಗೆ ತಿದ್ದುಪಡಿ ಯಾಕೆ ಬೇಕು? ಸಿಲಿಕಾನ್ ಬಿಲ್ಲೆಯ ಮೇಲೆ ಪದರ ಪದರವಾಗಿ ಚಿತ್ರ ಮೂಡಿಸಿ ಚಿಪ್ ಮಾಡುತ್ತಾರೆ. ಒಂದೊಂದು ಪದರಕ್ಕೂ ಒಂದೊಂದು ಮಾಸ್ಕ್, ಸೀರೆಗೆ ಅಚ್ಚು ಒತ್ತುವವರ ಮರದ ಪಡಿಯಚ್ಚಿದ್ದಂತೆ. ಮೊದಲ ಒತ್ತಿಗೆ ಎಲ್ಲವೂ ಸರಿಬಂದ ಚಿಪ್ ಅಪರೂಪ. ತಪ್ಪು ಸಿಕ್ಕಿದರೆ ಎಲ್ಲ ಮಾಸ್ಕುಗಳನ್ನೂ ಹೊಸದಾಗಿ ಮಾಡಿಸುವುದು ದುಬಾರಿ. ಹಾಗಾಗಿ ಮೇಲಿನ ಲೋಹದ ಪದರಗಳನ್ನಷ್ಟೇ ಬದಲಿಸಿ ತಂತಿಯ ದಾರಿ ತಿರುಗಿಸಿ ನೋಡುತ್ತಾರೆ. ಹಲವು ಕಂಪನಿಗಳಲ್ಲಿ ಎ0, ಎ1, ಬಿ0 ಎಂಬ ಹೆಸರುಗಳ ಗುಟ್ಟು ಇದೇ: ಲೋಹ ಮಾತ್ರ ಬದಲಾದರೆ ಅಂಕಿ ಏರುತ್ತದೆ, ತಳದಿಂದ ಬದಲಾದರೆ ಅಕ್ಷರ. ಅಷ್ಟರಲ್ಲಿ ಹಳೆಯ ಒತ್ತಿನ ಚಿಪ್‌ಗಳು ಎಲ್ಲೆಲ್ಲೋ ಬೋರ್ಡುಗಳ ಮೇಲೆ ಕೂತಿರುತ್ತವೆ. ಅವನ್ನು ವಾಪಸು ಕರೆಯುವವರಿಲ್ಲ. ಅವುಗಳ ಊನ ಮುಚ್ಚುವ ಹೊಣೆ ಬೀಳುವುದು ಡ್ರೈವರಿನ ತಲೆಗೆ.

ಹೆಲಿಕಾಪ್ಟರಿನ ಮಟ್ಟಿಗೆ ಈ ಮಾತು ಇನ್ನೂ ಕಟು. ಒಂದು ಹೆಲಿಕಾಪ್ಟರ್ ಹಾರುವುದು ದಶಕಗಳ ಕಾಲ. ಅದರ ಪರದೆಗಳ ಹಿಂದಿನ ಚಿಪ್‌ಗಳು ಕೆಲವೇ ವರ್ಷಗಳಲ್ಲಿ ಮಾರುಕಟ್ಟೆಯಿಂದ ಮಾಯವಾಗುತ್ತವೆ. ಅದೇ ಪೆಟ್ಟಿಗೆ, ಅದೇ ಕನೆಕ್ಟರ್, ಒಳಗೆ ಮಾತ್ರ ಮುಂದಿನ ಪೀಳಿಗೆಯ ಚಿಪ್ ಎಂಬ ಸ್ಥಿತಿ ಬಂದೇ ಬರುತ್ತದೆ. ಅಲ್ಲಿ ಓಡುವ ಕರ್ನೆಲ್ ಲಿನಕ್ಸೇ ಆಗಬೇಕಿಲ್ಲ. ‘ನೀನು ಯಾರು’ ಎಂಬ ಪ್ರಶ್ನೆಯಿಂದ ಮಾತ್ರ ಯಾರಿಗೂ ಬಿಡುಗಡೆ ಇಲ್ಲ. ಲಿನಕ್ಸಿನ ಕೋಡ್ ಬಯಲಿನಲ್ಲಿದೆ, ಯಾರು ಬೇಕಾದರೂ ಓದಬಹುದು. ಆದ್ದರಿಂದ ಕಥೆ ಅಲ್ಲಿಂದ ಹೇಳುವುದು ಸುಲಭ.

ಬೀಗಲ್‌ಬೋನ್ ಬ್ಲ್ಯಾಕ್ ಎಂಬ ಬೋರ್ಡ್ ಎಂಜಿನಿಯರಿಂಗ್ ಕಾಲೇಜುಗಳ ಲ್ಯಾಬುಗಳಿಗೆ ಹೊಸದಲ್ಲ. ಅಂಗೈಯಗಲದ ಹಲಗೆ, ನಡುವೆ ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯ ಎಎಂ3358 ಚಿಪ್. ಈ ಹಲಗೆಯಲ್ಲಿ ಓಲೆಗಳು ಎರಡು. ಬೋರ್ಡಿನದು ಒಂದು ಪುಟ್ಟ ನೆನಪಿನ ಚಿಪ್‌ನಲ್ಲಿದೆ. ಅದನ್ನು ಓದಿದರೆ ‘ಎ335ಬಿಎನ್‌ಎಲ್‌ಟಿ’ ಎಂಬ ಎಂಟಕ್ಷರದ ಹೆಸರು, ಅದರ ಬೆನ್ನಿಗೆ ಬೋರ್ಡಿನ ಆವೃತ್ತಿ, ಸೀರಿಯಲ್ ನಂಬರ್. ಚಿಪ್‌ನ ಓಲೆ ಚಿಪ್ ಒಳಗೇ ಇದೆ, 32 ಬಿಟ್ಟಿನ ಒಂದು ರಿಜಿಸ್ಟರಿನಲ್ಲಿ. ಹದಿನಾರರ ಲೆಕ್ಕದಲ್ಲಿ ಬರೆದರೆ ಅದು 2ಬಿ944 ಎಂದು ಶುರುವಾಗಬಹುದು. ಮೊದಲ ಅಂಕಿ 2, ತಿದ್ದುಪಡಿ. ನಂತರದ ಬಿ944, ಮಾದರಿ. ಉಳಿದದ್ದರಲ್ಲಿ ತಯಾರಕರ ಗೋತ್ರ: ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್‌ಗೆ ಸಿಕ್ಕ ಸಂಖ್ಯೆ 017. 4 ಬಿಟ್ ತಿದ್ದುಪಡಿಗೆ, 16 ಮಾದರಿಗೆ, 11 ತಯಾರಕರಿಗೆ ಎಂಬ ಈ ಹಂಚಿಕೆ 1990ರಲ್ಲಿ ಬಂದ ಜೆಟ್ಯಾಗ್ ಮಾನದಂಡದ್ದು.

ಇಲ್ಲೊಂದು ತಮಾಷೆ. ಮೊದಲಿಗೆ ಬಂದ ಆ ಅಂಕಿ 2ಕ್ಕೆ ಅರ್ಥ ‘ಎರಡನೆಯ ತಿದ್ದುಪಡಿ’ ಅಲ್ಲ. 0 ಎಂದರೆ 1.0, 1 ಎಂದರೆ 2.0, 2 ಎಂದರೆ 2.1. ಚಿಪ್‌ನ ಬೆನ್ನ ಮೇಲೆ ಅಚ್ಚಾಗಿರುವುದೋ ‘ಬಿ’ ಎಂಬ ಅಕ್ಷರ. ಒಂದೇ ಎತ್ತಿಗೆ ಮನೆಯಲ್ಲೊಂದು ಹೆಸರು, ಸಂತೆಯಲ್ಲೊಂದು, ಪಂಚಾಯ್ತಿ ಪುಸ್ತಕದಲ್ಲೊಂದು. ಈ ಮೂರನ್ನೂ ಹೊಂದಿಸುವ ಕೋಷ್ಟಕ ಯಾರೋ ಕೈಯಾರೆ ಬರೆದಿಟ್ಟದ್ದು. ಲೆಕ್ಕ ಹಾಕಿ ಕಂಡುಹಿಡಿಯುವಂಥದ್ದಲ್ಲ.

ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್‌ಗೂ ಕರ್ನಾಟಕಕ್ಕೂ ನಂಟು ಹಳೆಯದು. 1985ರಲ್ಲಿ ಬೆಂಗಳೂರಿನಲ್ಲಿ ವಿನ್ಯಾಸ ಕೇಂದ್ರ ತೆರೆದ ಮೊದಲ ಜಾಗತಿಕ ಚಿಪ್ ಕಂಪನಿ ಅದು. ಮಿಲ್ಲರ್ಸ್ ರಸ್ತೆಯ ಸೋನಾ ಟವರ್ಸ್‌ನಲ್ಲಿ ಕಚೇರಿ. ಅಮೆರಿಕದ ಜೊತೆ ಮಾತಾಡಲು ಬೇಕಾಗಿದ್ದ ಉಪಗ್ರಹ ಸಂಪರ್ಕದ ಸಲಕರಣೆ ಎತ್ತಿನಗಾಡಿಯ ಮೇಲೆ ಬಂದದ್ದು ಐಟಿ ಬೆಂಗಳೂರಿನ ಪುರಾಣಗಳಲ್ಲೊಂದು. ಆ ಕಂಪನಿಯ ಬೆಂಗಳೂರಿನ ಎಂಜಿನಿಯರುಗಳು ಲಿನಕ್ಸ್ ಕರ್ನೆಲ್‌ಗೆ ವರ್ಷಗಳಿಂದ ಕೋಡ್ ಕಳಿಸುತ್ತ ಬಂದಿದ್ದಾರೆ. ಕಂಪನಿಯ ಒಮ್ಯಾಪ್ ಚಿಪ್‌ಗಳಿಗಾಗಿ ಕರ್ನೆಲ್‌ನಲ್ಲಿ ‘ಐಡಿ.ಸಿ’ ಎಂಬ ಕಡತವೊಂದಿದೆ. ಅದರ ಕೆಲಸ ಒಂದೇ: ಚಿಪ್‌ನ ಗುರುತು ಹಿಡಿಯುವುದು. ಮಾದರಿಯ ಸಂಖ್ಯೆ ತುಂಬಿಡುವ ಚರಕ್ಕೆ ಯಾರೋ ರಸಿಕರು ‘ಹಾಕ್‌ಐ’ ಎಂದು ಹೆಸರಿಟ್ಟಿದ್ದಾರೆ, ಗಿಡುಗನ ಕಣ್ಣು.

ಆ ಕಡತ ಓದುವುದು ಊರ ಶಾನುಭೋಗರ ಹಳೇ ಖಿರ್ದಿ ಓದಿದ ಹಾಗೆ. ಪ್ರತಿ ತಿದ್ದುಪಡಿಯ ಹಿಂದೊಂದು ಜಗಳದ ವಾಸನೆ. ಒಮ್ಯಾಪ್ 3430ರ ಮೊಟ್ಟಮೊದಲ ಒತ್ತಿನಲ್ಲಿ ಗುರುತಿನ ರಿಜಿಸ್ಟರನ್ನು ಓದಲಿಕ್ಕೇ ಬರುವುದಿಲ್ಲ. ಹೆಸರು ಕೇಳಿದರೆ ಹೇಳಲಾರದ ಚಿಪ್. ಅದಕ್ಕೇ ಡ್ರೈವರ್ ಬರೆದವರು ಸುತ್ತು ದಾರಿ ಹಿಡಿದರು: ಒಳಗಿನ ಎಆರ್‌ಎಂ ಪ್ರೊಸೆಸರಿನ ತಿರುಳು ಕಾರ್ಟೆಕ್ಸ್-ಎ8 ಆಗಿದ್ದು, ಅದರ ತಿದ್ದುಪಡಿ 0 ಆಗಿದ್ದರೆ, ಇದು ಮೊದಲ ಒತ್ತಿನದೇ ಇರಬೇಕು; ಗುರುತಿನ ರಿಜಿಸ್ಟರಿನ ತಂಟೆಗೆ ಹೋಗುವುದು ಬೇಡ. ಮಗುವಿನ ಹೆಸರು ಗೊತ್ತಿಲ್ಲದಿದ್ದರೆ ‘ಯಾರ ಮಗ ನೀನು’ ಎಂದು ಕೇಳುತ್ತೇವಲ್ಲ, ಹಾಗೆ.

ಒಮ್ಯಾಪ್ 4430ರದು ಬೇರೆ ಕಥೆ. ಅದರ ಎರಡನೆಯ ಒತ್ತಿನ ಮೊದಲ ಕೆಲವು ಮಾದರಿಗಳು ಹೊರಬಿದ್ದಾಗ, ಅವುಗಳ ಓಲೆಯಲ್ಲಿ ಇನ್ನೂ 1.0ರ ಸಂಖ್ಯೆಯೇ ಇತ್ತು. ಲೋಹದ ಪದರ ತಿದ್ದುವಾಗ ತಿದ್ದುಪಡಿಯ ಬಿಟ್ಟನ್ನೂ ತಿದ್ದಬೇಕು. ಆ ಬಿಟ್ಟುಗಳನ್ನು ಯಾವ ಪದರದಲ್ಲಾದರೂ ಬದಲಿಸಬಹುದಾದ ಹಾಗೆ ಜೋಡಿಸುವುದೇ ವಿನ್ಯಾಸಕಾರರ ಒಂದು ಜಾಣ್ಮೆ. ಆದರೂ ಇಂಥವು ಆಗುತ್ತವೆ. ಕರ್ನೆಲ್ ಏನು ಮಾಡಿತು? ಓಲೆ 0 ಎಂದರೆ ನಂಬುವುದಿಲ್ಲ. ಪ್ರೊಸೆಸರ್ ತಿರುಳಿನ ಸ್ವಂತ ಗುರುತಿನ ರಿಜಿಸ್ಟರಿನ ಕೊನೆಯ ನಾಲ್ಕು ಬಿಟ್ ಓದಿ, ಅದರಿಂದ 1 ಕಳೆದು, ಬಂದದ್ದನ್ನು ತಿದ್ದುಪಡಿ ಎಂದು ಇಟ್ಟುಕೊಂಡಿತು. ಎರಡೇ ಸಾಲಿನ ಕೋಡ್. ಅದರ ಮೇಲೆ ಕಾರಣ ಬರೆದಿಟ್ಟಿರದಿದ್ದರೆ ಹತ್ತು ವರ್ಷದ ನಂತರ ನೋಡಿದವರು ಹುಚ್ಚರ ಕೆಲಸ ಎಂದು ಅಳಿಸಿ ಹಾಕುತ್ತಿದ್ದರು.

ತುಮಕೂರಿನ ಸಿದ್ಧಗಂಗೆಯಲ್ಲಿ ಶಿವರಾತ್ರಿಯ ಹೊತ್ತಿಗೆ ನಡೆಯುವ ದನಗಳ ಜಾತ್ರೆಗೆ ಹೋದವರಿಗೆ ಇದರಲ್ಲಿ ವಿಶೇಷ ಕಾಣದು. ಮಾರುವವನು ‘ನಾಲ್ಕು ಹಲ್ಲು’ ಎನ್ನುತ್ತಾನೆ. ಕೊಳ್ಳುವವನು ಹೂಂಗುಟ್ಟುತ್ತಲೇ ಎತ್ತಿನ ಕೆಳದುಟಿ ಎಳೆದು ಬಾಯಿ ನೋಡುತ್ತಾನೆ. ಹಾಲುಹಲ್ಲು ಬಿದ್ದು ಎರಡು ಬಂದಿವೆಯೋ, ನಾಲ್ಕೋ, ಆರೋ, ಬಾಯಿಗೂಡಿದೆಯೋ. ಆಮೇಲೆ ಸುಳಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ಕಾಲೆತ್ತುವ ಬಗೆ ನೋಡುತ್ತಾನೆ. ಟವೆಲಿನ ಮರೆಯಲ್ಲಿ ಬೆರಳು ಹಿಡಿದು ವ್ಯಾಪಾರ ಕುದುರುವುದು ಇದೆಲ್ಲ ಮುಗಿದ ಮೇಲೆ. ಕಿವಿಯ ಓಲೆ ಇದ್ದರೂ ಹಲ್ಲು ನೋಡುವುದನ್ನು ಯಾರೂ ಬಿಟ್ಟಿಲ್ಲ.

ಡ್ರೈವರ್ ಬರೆಯುವವರ ಲೋಕದಲ್ಲೂ ಈ ಎರಡು ಪಂಥಗಳಿವೆ. ಓಲೆ ಓದುವವರು, ಹಲ್ಲು ಎಣಿಸುವವರು. ಹಲ್ಲು ಎಣಿಸಿದ ಪ್ರಸಿದ್ಧ ಪ್ರಸಂಗ 1994ರದು. ಅಮೆರಿಕದ ಲಿಂಚ್‌ಬರ್ಗ್ ಕಾಲೇಜಿನ ಗಣಿತದ ಮೇಷ್ಟ್ರು ಥಾಮಸ್ ನೈಸ್ಲಿ ಅವಿಭಾಜ್ಯ ಸಂಖ್ಯೆಗಳ ಲೆಕ್ಕ ಮಾಡುತ್ತಿದ್ದಾಗ ಇಂಟೆಲ್‌ನ ಪೆಂಟಿಯಂ ಚಿಪ್ ಭಾಗಾಕಾರದಲ್ಲಿ ತಪ್ಪುತ್ತಿರುವುದು ಗೊತ್ತಾಯಿತು. ಚಿಪ್ ಒಳಗಿನ ಮಗ್ಗಿಯಂಥ ಕೋಷ್ಟಕದಲ್ಲಿ ಐದು ಮನೆಗಳು ಖಾಲಿ ಉಳಿದಿದ್ದವು. ಇಂಟೆಲ್ ಕೊನೆಗೆ ಲೆಕ್ಕಕ್ಕೆ ಹಿಡಿದ ನಷ್ಟ 47.5 ಕೋಟಿ ಡಾಲರ್. ಆ ಚಿಪ್ಪನ್ನು ಗುರುತಿಸಲು ಲಿನಕ್ಸ್ ಮಾದರಿ ಸಂಖ್ಯೆಯ ಪಟ್ಟಿ ಇಟ್ಟುಕೊಳ್ಳಲಿಲ್ಲ. ಯಂತ್ರ ಎದ್ದು ಕೂರುವಾಗಲೇ ಅದಕ್ಕೊಂದು ಲೆಕ್ಕ ಕೊಟ್ಟಿತು: 4195835ನ್ನು 3145727ರಿಂದ ಭಾಗಿಸು, ಬಂದದ್ದನ್ನು ಮತ್ತೆ 3145727ರಿಂದ ಗುಣಿಸು, ಮೊದಲಿನ ಸಂಖ್ಯೆಯಿಂದ ಕಳೆ. ಸರಿಯಾದ ಚಿಪ್‌ನಲ್ಲಿ ಉಳಿಯುವುದು 0. ಊನ ಇದ್ದದ್ದರಲ್ಲಿ 256. ಮೇಷ್ಟ್ರು ಹುಡುಗನನ್ನು ಬೋರ್ಡಿಗೆ ಕರೆದು ಮಗ್ಗಿ ಕೇಳಿದಂತೆ. ‘ಎಷ್ಟನೇ ಕ್ಲಾಸು’ ಎಂದು ಕೇಳುವ ಗೋಜೇ ಇಲ್ಲ.

ಹಾಗಾದರೆ ಯಾವಾಗಲೂ ಹಲ್ಲನ್ನೇ ಎಣಿಸಬಾರದೇ ಎಂದರೆ, ಎಲ್ಲ ಊನವೂ ಮಗ್ಗಿ ಕೇಳಿದರೆ ಬಯಲಾಗುವಂಥದ್ದಲ್ಲ. ಕೋಟಿಗೊಮ್ಮೆ, ಎರಡು ಘಟನೆಗಳು ಒಂದೇ ಕ್ಷಣಕ್ಕೆ ಒದಗಿದಾಗ ಮಾತ್ರ ಎಡವುವ ಚಿಪ್‌ನ ಬಾಯಿ ತೆರೆದು ನೋಡಿದರೆ ಏನೂ ಕಾಣದು. ಕೆಲವು ಪರೀಕ್ಷೆಗಳೇ ಅಪಾಯ: ಬೆಂಕಿ ಹತ್ತುತ್ತದೆಯೋ ಎಂದು ನೋಡಲು ಕಡ್ಡಿ ಗೀರಲಾಗದು. ಅಲ್ಲಿ ಓಲೆಯೇ ಗತಿ. 2018ರ ಜನವರಿಯಲ್ಲಿ ಮೆಲ್ಟ್‌ಡೌನ್, ಸ್ಪೆಕ್ಟರ್ ದೋಷಗಳು ಬಯಲಾದಾಗ ಯಾವ ಪ್ರೊಸೆಸರಿಗೆ ರಕ್ಷಣೆ ಬೇಕು, ಯಾವುದಕ್ಕೆ ಬೇಡ ಎಂದು ಕರ್ನೆಲ್ ತೀರ್ಮಾನಿಸಿದ್ದು ಕುಟುಂಬ, ಮಾದರಿ ಸಂಖ್ಯೆಗಳ ಪಟ್ಟಿ ನೋಡಿಕೊಂಡೇ.

ಓಲೆಯನ್ನೇ ನಂಬಿ ಕೂತರೆ ಆಗುವ ಫಜೀತಿಗೆ ಮ್ಯಾಕ್ರೋನಿಕ್ಸ್ ಕಂಪನಿಯ ಫ್ಲ್ಯಾಷ್ ಚಿಪ್‌ಗಳು ಒಳ್ಳೆಯ ಉದಾಹರಣೆ. ಎಂಎಕ್ಸ್25ಎಲ್25635 ಎಂಬ 32 ಮೆಗಾಬೈಟಿನ ಚಿಪ್‌ನಲ್ಲಿ ‘ಇ’ ಮತ್ತು ‘ಎಫ್’ ಎಂದು ಎರಡು ಬಗೆ. ಗುರುತಿನ ಸಂಖ್ಯೆ ಎರಡಕ್ಕೂ ಒಂದೇ: ಸಿ2 20 19. ಗುಣ ಮಾತ್ರ ಬೇರೆ. ಮೂರು ಬೈಟಿನ ವಿಳಾಸ ಮುಟ್ಟುವುದು 16 ಮೆಗಾಬೈಟಿನವರೆಗೆ. ಆಚೆ ಹೋಗಬೇಕಾದರೆ ನಾಲ್ಕು ಬೈಟು ಬೇಕು. ‘ಎಫ್’ಗೆ ಅದಕ್ಕೆಂದೇ ಬೇರೆ ಆಜ್ಞೆಗಳಿವೆ. ‘ಇ’ಗೆ ಇಲ್ಲ, ಇಡೀ ಚಿಪ್ಪನ್ನೇ ನಾಲ್ಕು ಬೈಟಿನ ಮನಸ್ಥಿತಿಗೆ ತಿರುಗಿಸಬೇಕು. ಹಾಗೆ ತಿರುಗಿಸಿದ ಹೊತ್ತಿನಲ್ಲೇ ಯಂತ್ರ ಧುತ್ತೆಂದು ಮತ್ತೆ ಶುರುವಾದರೆ, ಬೂಟ್ ಕೋಡ್ ಮೂರು ಬೈಟಿನಲ್ಲಿ ಕೇಳುತ್ತದೆ, ಚಿಪ್ ನಾಲ್ಕಕ್ಕೆ ಕಾಯುತ್ತದೆ. ಇಬ್ಬರ ನಡುವೆ ಮಾತು ಕೂಡುವುದಿಲ್ಲ, ಪೆಟ್ಟಿಗೆ ಎದ್ದೇಳುವುದಿಲ್ಲ. ಇವೆರಡನ್ನು ಬೇರ್ಪಡಿಸಲು ಲಿನಕ್ಸ್ ಹಿಡಿದದ್ದು ಹಲ್ಲಿನ ದಾರಿ. ಚಿಪ್ ತನ್ನ ಸಾಮರ್ಥ್ಯಗಳನ್ನು ಬರೆದಿಟ್ಟುಕೊಂಡ ಕೋಷ್ಟಕ ಓದಿ, ವೇಗದ ಓದಿನ ಒಂದು ವಿಶೇಷ ವಿಧಾನ ಅದರಲ್ಲಿದೆಯೇ ಎಂದು ನೋಡುತ್ತದೆ. ಇದ್ದರೆ ‘ಎಫ್’. ಆ ವಿಧಾನವನ್ನು ಬಳಸುವ ಉದ್ದೇಶ ಇಲ್ಲದಿದ್ದರೂ ಗುರುತಿಗೆ ಅದು ಬೇಕು.

ರಿಯಲ್‌ಟೆಕ್‌ನ ನೆಟ್‌ವರ್ಕ್ ಚಿಪ್‌ಗಳದು ಇನ್ನೂ ಲಂಬಿಸಿದ ಸಂಸಾರ. ನಮ್ಮ ಕಚೇರಿ, ಸೈಬರ್ ಸೆಂಟರುಗಳ ಅಗ್ಗದ ಮದರ್‌ಬೋರ್ಡುಗಳಲ್ಲಿ ಕೇಬಲ್ ಚುಚ್ಚುವ ತೂತಿನ ಹಿಂದೆ ಇರುವುದು ಬಹುಮಟ್ಟಿಗೆ ಇವೇ. ಕಂಪನಿಯ ಸಂಖ್ಯೆ 10ಇಸಿ, ಸಾಧನದ ಸಂಖ್ಯೆ 8168. ಚಿಪ್ ಪೀಳಿಗೆ ಪೀಳಿಗೆಯಾಗಿ ಬದಲಾದರೂ 8168 ಬದಲಾಗಲಿಲ್ಲ. ಮನೆತನದ ಹೆಸರು ಮೊಮ್ಮಗನವರೆಗೂ ಬಂದ ಹಾಗೆ. ಲಿನಕ್ಸಿನ ‘ಆರ್8169’ ಡ್ರೈವರ್ ಇದಕ್ಕಾಗಿ ಚಿಪ್ ಒಳಗಿನ ಇನ್ನೊಂದು ರಿಜಿಸ್ಟರಿನಿಂದ ಕೆಲವು ಬಿಟ್ಟುಗಳನ್ನು ಹೆಕ್ಕಿ, ಅದಕ್ಕೆ ‘ಎಕ್ಸ್‌ಐಡಿ’ ಎಂದು ಹೆಸರಿಟ್ಟು, ಉದ್ದನೆಯ ಪಟ್ಟಿಯ ಜೊತೆ ತಾಳೆ ನೋಡುತ್ತದೆ. ಪಟ್ಟಿಯಲ್ಲಿ ಆವೃತ್ತಿಯ ಸಂಖ್ಯೆ 60 ದಾಟಿದೆ. ಕೆಲವು ಸಾಲುಗಳು ಎಲ್ಲ ಬಿಟ್ಟನ್ನೂ ನೋಡುತ್ತವೆ, ಕೆಲವು ಅರ್ಧ ಮಾತ್ರ. ಆದ್ದರಿಂದ ಸಾಲಿನ ಕ್ರಮವೇ ಮುಖ್ಯ: ನಿರ್ದಿಷ್ಟವಾದದ್ದು ಮೇಲೆ, ಸಡಿಲವಾದದ್ದು ಕೆಳಗೆ. ಯಾರಾದರೂ ಅಕ್ಷರಮಾಲೆಯ ಅಂದಕ್ಕೆಂದು ಪಟ್ಟಿಯನ್ನು ಮರುಜೋಡಿಸಿದರೆ ಎಷ್ಟೋ ಕಂಪ್ಯೂಟರುಗಳ ನೆಟ್‌ವರ್ಕ್ ಕೈಕೊಡುತ್ತದೆ.

ಹೊಸ ಮದರ್‌ಬೋರ್ಡಿಗೆ ಹಳೆಯ ಲಿನಕ್ಸ್ ಹಾಕಿದವರು ಕಪ್ಪು ಪರದೆಯ ಮೇಲೆ ಒಂದು ಸಾಲು ನೋಡಿರುತ್ತಾರೆ: ಗೊತ್ತಿಲ್ಲದ ಚಿಪ್, ಎಕ್ಸ್‌ಐಡಿ ಇಷ್ಟು. ಡ್ರೈವರ್ ಅಲ್ಲಿಗೆ ಕೈ ಎತ್ತಿರುತ್ತದೆ.

ಗುರುತು ಸಿಗದಿದ್ದರೆ ಏನು ಮಾಡಬೇಕು ಎಂಬುದು ಈ ಕಸುಬಿನ ಅತಿ ಕಷ್ಟದ ಪ್ರಶ್ನೆ, ಅದಕ್ಕೆ ಎಲ್ಲರೂ ಒಂದೇ ಉತ್ತರ ಕೊಟ್ಟಿಲ್ಲ. ರಿಯಲ್‌ಟೆಕ್ ಡ್ರೈವರ್ ಬಾಗಿಲು ಹಾಕಿಕೊಳ್ಳುತ್ತದೆ. ಒಮ್ಯಾಪ್ ಕಡತ ಗೊತ್ತಿಲ್ಲದ ತಿದ್ದುಪಡಿ ಕಂಡರೆ ತನಗೆ ಗೊತ್ತಿರುವ ಇತ್ತೀಚಿನದೇ ಇದು ಎಂದುಕೊಂಡು ಮುಂದುವರಿಯುತ್ತದೆ. ಎರಡರ ಹಿಂದೆಯೂ ತರ್ಕ ಇದೆ. ಹೊಸ ಒತ್ತು ಸಾಮಾನ್ಯವಾಗಿ ಹಿಂದಿನದಕ್ಕಿಂತ ಕಡಿಮೆ ಊನದ್ದು. ಮೊದಲ ಒತ್ತಿನ ಊನಗಳಿಗೆ ಹಾಕಿದ ಊರುಗೋಲನ್ನು ಅದಕ್ಕೂ ಕಟ್ಟಿದರೆ ನಡಿಗೆ ನಿಧಾನ ಅಷ್ಟೇ. ಆದರೆ ಮಾದರಿಯೇ ಬೇರೆ ಇದ್ದರೆ ಊಹೆ ಮಾಡಿ ಬರೆಯುವ ಒಂದು ಬಿಟ್ಟು ಏನು ಬೇಕಾದರೂ ಮಾಡೀತು. ತಿದ್ದುಪಡಿ ಹೊಸತಾದರೆ ನಂಬು, ಮಾದರಿ ಹೊಸತಾದರೆ ನಿಲ್ಲು ಎನ್ನುವುದು ಬಹುಪಾಲು ಅನುಭವಿಗಳ ನಡೆ. ಫ್ಲ್ಯಾಷಿಗೆ ಬರೆಯುವ, ಬ್ಯಾಟರಿ ಚಾರ್ಜ್ ಮಾಡುವ ಡ್ರೈವರುಗಳಾದರೆ ಕೈ ಇನ್ನೂ ಬಿಗಿ ಇರಬೇಕು.

ಎದುರಿಗೆ ಯಾರೂ ಇಲ್ಲದಿರುವ ಸಂಭವವನ್ನೂ ಮರೆಯುವಂತಿಲ್ಲ. ಪಿಸಿಐ ದಾರಿಯಲ್ಲಿ ಖಾಲಿ ಜಾಗವನ್ನು ಕೂಗಿದರೆ ಬರುವ ಉತ್ತರ ಎಲ್ಲ ಬಿಟ್ಟೂ 1. ಅದಕ್ಕೇ ಎಫ್‌ಎಫ್‌ಎಫ್‌ಎಫ್ ಎಂಬ ಸಂಖ್ಯೆಯನ್ನು ಯಾವ ಕಂಪನಿಗೂ ಕೊಟ್ಟಿಲ್ಲ. ಗಡಿಯಾರದ ಮಿಡಿತ ಕೊಡದೆ, ಕರೆಂಟು ಹರಿಸದೆ ಚಿಪ್‌ನ ಗುರುತು ಓದಹೋದರೂ ಇಂಥದ್ದೇ ಪ್ರತಿಧ್ವನಿ, ಇಲ್ಲವೇ ಇಡೀ ಯಂತ್ರ ಸ್ತಬ್ಧ. ಬಾಗಿಲು ತಟ್ಟುವ ಮೊದಲು ದೀಪ ಹಾಕಬೇಕು ಎಂಬುದು ಹೊಸಬರು ಒಂದು ರಾತ್ರಿ ನಿದ್ದೆಗೆಟ್ಟು ಕಲಿಯುವ ಪಾಠ.

ಇನ್ನು ಬೆಂಗಳೂರಿನ ಎಸ್‌ಪಿ ರೋಡಿಗೆ ಬನ್ನಿ. ಸಾದರ ಪತ್ರಪ್ಪ ರಸ್ತೆ ಎಂದರೆ ಅಂಗಡಿಯವರಿಗೇ ಒಂದು ಕ್ಷಣ ಯೋಚನೆಯಾದೀತು. ತುಮಕೂರಿನ ಎಂಜಿನಿಯರಿಂಗ್ ಹುಡುಗರು ಪ್ರಾಜೆಕ್ಟಿನ ಹೊತ್ತಿಗೆ ಬೆಳಗಿನ ರೈಲು ಹತ್ತಿ ಬರುವ ಜಾಗ. ಬಾಷ್ ಕಂಪನಿಯ ಬಿಎಂಇ280 ಎಂಬ ಸಂವೇದಕ ಗಾಳಿಯ ಒತ್ತಡ, ಉಷ್ಣ, ತೇವ ಮೂರನ್ನೂ ಅಳೆಯುತ್ತದೆ. ಅದರ ಅಣ್ಣ ಬಿಎಂಪಿ280 ತೇವ ಅಳೆಯುವುದಿಲ್ಲ, ಬೆಲೆಯೂ ಕಡಿಮೆ. ನೋಡಲು ಸಾಸಿವೆಗಿಂತ ತುಸು ದೊಡ್ಡ ಬೆಳ್ಳಿ ಡಬ್ಬಿ, ಹಸಿರೋ ನೇರಳೆಯೋ ಹಲಗೆ. ಎಷ್ಟೋ ಅಗ್ಗದ ಹಲಗೆಗಳ ಮೇಲೆ ಎರಡೂ ಹೆಸರು ಒಟ್ಟಿಗೆ ಅಚ್ಚಾಗಿರುತ್ತವೆ. ಬಿಎಂಇ ಎಂದು ಕೊಂಡು ತಂದು ತಂತಿ ಜೋಡಿಸಿ, ಡಿ0 ಎಂಬ ರಿಜಿಸ್ಟರ್ ಓದಿದರೆ ನಿಜ ಹೊರಬರುತ್ತದೆ. 60 ಬಂದರೆ ಬಿಎಂಇ. 58 ಬಂದರೆ ಬಿಎಂಪಿ. ತೇವದ ಆಸೆ ಬಿಡಬೇಕು. ಒತ್ತಡ ಮಾತ್ರ ಅದು ಸರಿಯಾಗೇ ಹೇಳುತ್ತದೆ: ಸಮುದ್ರಮಟ್ಟದಿಂದ 800 ಮೀಟರಿಗೂ ಮೇಲಿರುವ ತುಮಕೂರಿನಲ್ಲಿ ಸುಮಾರು 920 ಹೆಕ್ಟೊಪ್ಯಾಸ್ಕಲ್. ಹೆಲಿಕಾಪ್ಟರ್ ತಾನೆಷ್ಟು ಎತ್ತರದಲ್ಲಿದ್ದೇನೆ ಎಂದು ತಿಳಿಯುವುದೂ ಮೂಲದಲ್ಲಿ ಇದೇ ಒತ್ತಡದ ಲೆಕ್ಕದಿಂದ.

ಇಲ್ಲಿ ಕರ್ನೆಲ್‌ನವರು ತಮ್ಮ ನಿಲುವನ್ನೇ ಬದಲಿಸಿದ್ದಾರೆ. ಮೊದಲು ಡಿ0ಯ ಸಂಖ್ಯೆ ನಿರೀಕ್ಷಿಸಿದ್ದಲ್ಲವಾದರೆ ಡ್ರೈವರ್ ಕೆಲಸ ಬಿಟ್ಟು ಏಳುತ್ತಿತ್ತು. ಈಗ ‘ಈ ಗುರುತು ನನಗೆ ಪರಿಚಯದ್ದಲ್ಲ’ ಎಂದು ದಾಖಲೆಯಲ್ಲಿ ಒಂದು ಸಾಲು ಬರೆದು ಮುಂದೆ ನಡೆಯುತ್ತದೆ. ನಾಳೆ ಇದೇ ಸಂಸಾರದ ಹೊಸ ಚಿಪ್ ಬಂದರೆ ಹಳೆಯ ಕರ್ನೆಲ್ ಅದನ್ನು ಹೊರಹಾಕಬಾರದು ಎಂಬ ಕಾರಣಕ್ಕೆ. ಬೋರ್ಡ್ ಮಾಡಿದವರು ಇಂಥದ್ದೇ ಇದೆ ಎಂದು ವಿವರಣ ಪಟ್ಟಿಯಲ್ಲಿ ಬರೆದುಕೊಟ್ಟ ಮೇಲೆ, ಓಲೆ ತುಸು ಬೇರೆಯಾದರೂ ಅವರ ಮಾತಿಗೆ ಬೆಲೆ ಕೊಡು ಎಂಬುದು ಈ ನಿಲುವಿನ ಸಾರ.

ಗುರುತು ಹಿಡಿಯುವ ಜಾಣ್ಮೆಯನ್ನು ದುರುಪಯೋಗ ಮಾಡಿಕೊಂಡ ಪ್ರಸಂಗವೂ ಇದೆ. ಯುಎಸ್‌ಬಿಯನ್ನು ಹಳೇ ಸೀರಿಯಲ್ ತಂತಿಗೆ ಜೋಡಿಸುವ ಎಫ್‌ಟಿ232 ಚಿಪ್‌ಗೆ ನಕಲುಗಳು ಹೇರಳ. 2014ರ ಅಕ್ಟೋಬರಿನಲ್ಲಿ ಮೂಲ ತಯಾರಕ ಎಫ್‌ಟಿಡಿಐ ಕಂಪನಿಯ ವಿಂಡೋಸ್ ಡ್ರೈವರ್ ಅಪ್‌ಡೇಟ್ ರೂಪದಲ್ಲಿ ಜನರ ಕಂಪ್ಯೂಟರಿಗೆ ಬಂತು. ಅಸಲಿ ಮತ್ತು ನಕಲಿ ಚಿಪ್‌ಗಳು ತಮ್ಮ ನೆನಪಿಗೆ ಬರೆದುಕೊಳ್ಳುವ ರೀತಿಯಲ್ಲಿ ಒಂದು ಸೂಕ್ಷ್ಮ ವ್ಯತ್ಯಾಸವಿತ್ತು. ಡ್ರೈವರ್ ಕೊಟ್ಟ ಬರಹವನ್ನು ಅಸಲಿ ಚಿಪ್ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ನಕಲಿ ನಂಬಿ ಬರೆದುಕೊಂಡು ತನ್ನ ಗುರುತಿನ ಸಂಖ್ಯೆಯನ್ನೇ 0 ಮಾಡಿಕೊಳ್ಳುತ್ತಿತ್ತು. ಅಂದಿನಿಂದ ಆ ಸಾಧನ ಯಾವ ವಿಂಡೋಸ್ ಯಂತ್ರಕ್ಕೂ ಗುರುತಿಲ್ಲ. ನಕಲಿ ಎಂದು ತಿಳಿಯದೆ ಕೊಂಡವರ ಉಪಕರಣಗಳು ಸತ್ತವು, ಗದ್ದಲವಾಯಿತು, ಅಪ್‌ಡೇಟ್ ಹಿಂದಕ್ಕೆ ಹೋಯಿತು. ಜಾತ್ರೆಯಲ್ಲಿ ಹಲ್ಲು ನೋಡುವ ನೆಪದಲ್ಲಿ ಎತ್ತಿನ ಹಲ್ಲನ್ನೇ ಕಿತ್ತ ಹಾಗಾಯಿತಲ್ಲ ಇದು. ಲಿನಕ್ಸ್‌ನವರು ಮಾಡಿದ್ದು ಚಿಕ್ಕ ಕೆಲಸ: ತಮ್ಮ ಡ್ರೈವರಿನ ಗುರುತಿನ ಪಟ್ಟಿಗೆ 0000 ಎಂಬ ಸಂಖ್ಯೆಯನ್ನೂ ಸೇರಿಸಿದರು. ಹೆಸರು ಕಳೆದುಕೊಂಡವಕ್ಕೂ ಅಲ್ಲಿ ಊಟ ಸಿಗುತ್ತದೆ.

ಚೆನ್ನಾಗಿ ಬರೆದ ಡ್ರೈವರಿನಲ್ಲಿ ಈ ಎಲ್ಲ ವಿಚಾರಣೆ ಒಂದೇ ಕಡೆ, ಒಂದೇ ಸಲ ಮುಗಿಯುತ್ತದೆ. ಚಿಪ್ ಜೊತೆ ಮೊದಲ ಸಲ ಕೈಕುಲುಕುವಾಗ ಓಲೆ ಓದಿ, ಬೇಕಾದರೆ ಹಲ್ಲು ನೋಡಿ, ಬಂದ ತೀರ್ಮಾನವನ್ನು ಗುಣಗಳ ಪಟ್ಟಿಯಾಗಿ ಬರೆದಿಟ್ಟುಕೊಳ್ಳುತ್ತದೆ: ನಾಲ್ಕು ಬೈಟಿನ ವಿಳಾಸ ಬರುತ್ತದೆ, ತೇವ ಅಳೆಯುವುದಿಲ್ಲ, ನಿದ್ದೆಯಿಂದ ಏಳಲು ತಡ. ಮುಂದಿನ ಕೋಡೆಲ್ಲ ಕೇಳುವುದು ಗುಣವನ್ನೇ ಹೊರತು ಹೆಸರನ್ನಲ್ಲ. ಕೆಟ್ಟದಾಗಿ ಬರೆದದ್ದರಲ್ಲಿ ‘ತಿದ್ದುಪಡಿ 2.0 ಆಗಿದ್ದರೆ’ ಎಂಬ ಷರತ್ತು ನೂರು ಕಡೆ ಚೆಲ್ಲಿರುತ್ತದೆ, 2.1 ಬಂದ ದಿನ ನೂರೂ ಕಡೆ ಹುಡುಕಬೇಕು, ತೊಂಬತ್ತೊಂಬತ್ತು ಸಿಗುತ್ತವೆ.

ಬಿದರೆಹಳ್ಳ ಕಾವಲಿನ ತಗಡಿನ ಪಟ್ಟಿಗೆ ತೀರಾ ಹತ್ತಿರದ ಉದಾಹರಣೆ ಎಆರ್‌ಎಂ ಲೋಕದಲ್ಲಿದೆ. ರಾಸ್‌ಬೆರಿ ಪೈ 3ರಲ್ಲಿ ಇರುವ ಕಾರ್ಟೆಕ್ಸ್-ಎ53 ತಿರುಳಿನಲ್ಲಿ 843419 ಎಂಬ ಸಂಖ್ಯೆಯ ಊನವೊಂದು ದಾಖಲಾಗಿದೆ: ನಾಲ್ಕು ಕಿಲೋಬೈಟಿನ ಪುಟದ ತುತ್ತತುದಿಯಲ್ಲಿ ಒಂದು ನಿರ್ದಿಷ್ಟ ಆಜ್ಞೆ ಬಿದ್ದು, ಅದರ ಬೆನ್ನಿಗೆ ಬೇರೆ ಕೆಲವು ಬಂದರೆ, ವಿಳಾಸ ತಪ್ಪಾಗಬಹುದು. ಈ ಊನ ತಟ್ಟಿದ ತಿದ್ದುಪಡಿಗಳು ಆರ್0ಪಿ0ರಿಂದ ಆರ್0ಪಿ4ರವರೆಗೆ. ಆರ್0ಪಿ4 ಎಂಬ ಒಂದೇ ಹೆಸರಿನಡಿ ಊನ ಇರುವವೂ ಇವೆ, ತಯಾರಕರು ಸರಿಪಡಿಸಿಕೊಂಡವೂ ಇವೆ. ಹೆಸರು ಬದಲಿಸದೆ ತಿದ್ದಿದವರಿಗಾಗಿ ಇನ್ನೊಂದು ರಿಜಿಸ್ಟರನ್ನೇ ಇಟ್ಟಿದ್ದಾರೆ. ಅದರ ಬಿಟ್ ಸಂಖ್ಯೆ 8 ಉರಿಯುತ್ತಿದ್ದರೆ ರೋಗ ವಾಸಿಯಾಗಿದೆ ಎಂದು ಅರ್ಥ. ಪಾರ್ಟ್ ನಂಬರ್ ಅದೇ, ಮಾಡ್ ಸ್ಟೇಟಸ್ ಬೇರೆ. ಕರ್ನೆಲ್ ಎರಡನ್ನೂ ನೋಡಿದ ಮೇಲೆಯೇ ಔಷಧಿ ಕೊಡುತ್ತದೆ.

ಇಷ್ಟೆಲ್ಲ ಪಾಠ ಆದ ಮೇಲೂ ತಪ್ಪು ಹೊಸ ವೇಷದಲ್ಲಿ ಬರುತ್ತದೆ. ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್‌ನ ಇತ್ತೀಚಿನ ಕೆ3 ಚಿಪ್ ಸಂಸಾರಕ್ಕೆ ಗುರುತು ಹಿಡಿಯುವ ಡ್ರೈವರ್ ಲಿನಕ್ಸಿಗೆ ಸೇರಿದ್ದು 2020ರಲ್ಲಿ. ಪುಟ್ಟದು, ಅಚ್ಚುಕಟ್ಟಾದದ್ದು. ಓಲೆಯ ಮೊದಲ ನಾಲ್ಕು ಬಿಟ್ ತೆಗೆದುಕೋ, 1 ಕೂಡಿಸು, ಹಿಂದೆ ‘.0’ ಅಂಟಿಸು, 0 ಬಂದರೆ 1.0, 1 ಬಂದರೆ 2.0. ಕೋಷ್ಟಕದ ರಗಳೆಯೇ ಬೇಡ ಎಂಬ ಉತ್ಸಾಹ. ಅಷ್ಟರಲ್ಲಿ ಕಾರುಗಳಿಗೆಂದು ಮಾಡಿದ ಜೆ721ಇ ಎಂಬ ಚಿಪ್‌ನ ಎರಡನೆಯ ಒತ್ತಿಗೆ ಕಂಪನಿ ಕೊಟ್ಟ ಹೆಸರು 2.0 ಅಲ್ಲ, 1.1. ಡ್ರೈವರ್ ಮಾತ್ರ ಅದನ್ನು 2.0 ಎಂದೇ ಪರದೆಯ ಮೇಲೆ ಸಾರುತ್ತಿತ್ತು. ನಿಜವಾದ 2.0 ಬಂದಿದ್ದರೆ ಅದಕ್ಕೆ 3.0 ಎನ್ನುತ್ತಿತ್ತು. ಕೊನೆಗೆ ಆ ಒಂದು ಚಿಪ್‌ಗೆಂದೇ ಕೋಷ್ಟಕ ಬರೆಯಬೇಕಾಯಿತು. ಅದರಲ್ಲಿರುವುದು ಮೂರೇ ಹೆಸರು: 1.0, 1.1, 2.0. ನಾಲ್ಕನೆಯ ಒತ್ತು ಬಂದರೆ ಯಾರಾದರೂ ಕೂತು ಅದರ ಹೆಸರನ್ನು ಕೈಯಾರೆ ಸೇರಿಸಬೇಕು. ಅಲ್ಲಿಯವರೆಗೆ ಡ್ರೈವರ್ ‘ಇದು ನನಗೆ ಗೊತ್ತಿಲ್ಲದ್ದು’ ಎಂದು ಹೇಳಿ ಹಿಂದೆ ಸರಿಯುತ್ತದೆ.